ಟೋನ್‌ಆರ್ಮ್ ಮತ್ತು ಅದರ ಬದಲಾವಣೆ

ಟೋನ್‌ಆರ್ಮ್ ಎಂದರೆ ಗ್ರಾಮಫೋನ್ ತಟ್ಟೆಗಳನ್ನು ನುಡಿಸುವ ಟರ್ನ್‌ಟೇಬಲ್ ಯಂತ್ರದಲ್ಲಿ ಸೂಜಿಯನ್ನು ಹೊತ್ತು ತಟ್ಟೆಯ ಮೇಲೆ ಚಲಿಸುವ ತೋಳು. ತೋಳಿನ ಮುಂದಿನ ತುದಿಯಲ್ಲಿ ಸೂಜಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಕಾರ್ಟ್ರಿಜ್, ಹಿಂದಿನ ತುದಿಯಲ್ಲಿ ಎದುರುತೂಕ, ಇವೆರಡರ ನಡುವೆ ತೋಳು ಮೇಲೆ ಕೆಳಗೆ ಹಾಗೂ ಅಡ್ಡಲಾಗಿ ತಿರುಗಲು ಬೇಕಾದ ಬೇರಿಂಗ್ ಇರುತ್ತವೆ. ಕೆಲವು ಯಂತ್ರಗಳಲ್ಲಿ ಈ ತೋಳನ್ನು ಬಿಡಿಯಾಗಿ ಕೊಂಡು ಬದಲಾಯಿಸಬಹುದು. ಬಿಡಿ ತೋಳಿನ ಬೆಲೆ ಒಮ್ಮೊಮ್ಮೆ ಇಡೀ ಯಂತ್ರದ ಬೆಲೆಯನ್ನು ಮೀರುತ್ತದೆ. ಅತ್ಯುನ್ನತ ದರ್ಜೆಯ ತೋಳುಗಳಿಗೆ ಹಲವು ಲಕ್ಷ ರೂಪಾಯಿಗಳಾಗುತ್ತವೆ. ಆದುದರಿಂದ ಈ ಬದಲಾವಣೆಗೆ ಹಾಕಿದ ಹಣ ಸಾರ್ಥಕವೇ ಎಂಬುದು ತಟ್ಟೆಗಳನ್ನು ಕೇಳುವವರಲ್ಲಿ ಬಹುಕಾಲದಿಂದ ನಡೆದುಬಂದಿರುವ ಚರ್ಚೆ.

ತೋಳು ತಾನಾಗಿ ಯಾವ ಧ್ವನಿಯನ್ನೂ ಉಂಟುಮಾಡುವುದಿಲ್ಲ. ಸೂಜಿ ತನ್ನ ಕೆಲಸವನ್ನು ಅಡ್ಡಿಯಿಲ್ಲದೆ ಮಾಡುವಂತೆ ಅದನ್ನು ಹಿಡಿದಿಡುವುದಷ್ಟೇ ಅದರ ಕಾರ್ಯ. ಈಗಿರುವ ತೋಳಿನ ಬೇರಿಂಗ್ ಕೆಟ್ಟಿದ್ದರೆ, ಅಥವಾ ಅದರ ಭಾರ ಕಾರ್ಟ್ರಿಜ್‌ಗೆ ಹೊಂದದಿದ್ದರೆ ಬದಲಾವಣೆಯಿಂದ ಸ್ಪಷ್ಟವಾದ ಲಾಭವಿದೆ. ಸೂಜಿ ಸವೆದಿದ್ದರೆ ಅಥವಾ ಕಾರ್ಟ್ರಿಜ್ ತಪ್ಪಾಗಿ ಜೋಡಣೆಯಾಗಿದ್ದರೆ ಎಷ್ಟು ದುಬಾರಿಯ ತೋಳೂ ಆ ದೋಷವನ್ನು ಮುಚ್ಚಲಾರದು.

ಹೆಸರು ಮತ್ತು ಹಿನ್ನೆಲೆ

ವಿದ್ಯುತ್ತಿನ ನೆರವಿಲ್ಲದ ಹಳೆಯ ಗ್ರಾಮಫೋನ್‌ನಲ್ಲಿ ಈ ತೋಳು ಒಂದು ಪೊಳ್ಳು ಕೊಳವೆಯಾಗಿತ್ತು. ಸೂಜಿಯ ಹಿಂದಿನ ತೆಳುಪದರದಲ್ಲಿ ಹುಟ್ಟಿದ ಧ್ವನಿ ಈ ಕೊಳವೆಯ ಮೂಲಕವೇ ಹಾದು ಕಹಳೆಯನ್ನು ಸೇರುತ್ತಿತ್ತು. ಧ್ವನಿಯನ್ನು ಒಯ್ಯುವ ತೋಳು ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಬಂದ ಹೆಸರು, ಧ್ವನಿಯ ಬದಲು ತಂತಿಗಳಲ್ಲಿ ವಿದ್ಯುತ್ ಸಂಕೇತ ಹರಿಯತೊಡಗಿದ ಮೇಲೂ ಉಳಿದುಕೊಂಡಿತು. ಆ ಕಾಲದ ಭಾರವಾದ ತೋಳು ಅರಗಿನ ತಟ್ಟೆಯನ್ನು ಬೇಗ ಸವೆಸುತ್ತಿತ್ತು. ಉಕ್ಕಿನ ಸೂಜಿಯನ್ನು ಪದೇ ಪದೇ ಬದಲಿಸಬೇಕಾಗುತ್ತಿತ್ತು.

1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ 33⅓ ಸುತ್ತು ತಿರುಗುವ ದೀರ್ಘಾವಧಿಯ ತಟ್ಟೆಯನ್ನು, ಅಂದರೆ ಎಲ್‌ಪಿಯನ್ನು, ಬಿಡುಗಡೆ ಮಾಡಿತು. ಅದರ ಗೀರು ಸೂಕ್ಷ್ಮವಾದುದು. ಇಲ್ಲಿ ಗೀರು ಎಂದರೆ ಧ್ವನಿಯನ್ನು ಅಚ್ಚೊತ್ತಿದ ಸುರುಳಿಯಾಕಾರದ ಸಣ್ಣ ಕಾಲುವೆ. 1950ರ ದಶಕದ ಕೊನೆಯಲ್ಲಿ ಸ್ಟೀರಿಯೋ ತಟ್ಟೆಗಳು ಬಂದಾಗ ಗೀರಿನ ಎರಡು ಗೋಡೆಗಳೂ ಬೇರೆ ಬೇರೆ ಧ್ವನಿಯನ್ನು ಹೊತ್ತವು. ಹಗುರವಾದ, ಕರಾರುವಾಕ್ಕಾದ ತೋಳು ಅನಿವಾರ್ಯವಾಯಿತು. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಸ್ಟೈನಿಂಗ್ ಎಂಬಲ್ಲಿ ಅಲಿಸ್ಟರ್ ರಾಬರ್ಟ್‌ಸನ್ ಐಕ್‌ಮನ್ ಅವರ ಎಸ್‌ಎಂಇ ಸಂಸ್ಥೆ 1959ರಲ್ಲಿ 12 ಅಂಗುಲದ 3012 ಮಾದರಿಯ ತೋಳನ್ನು ಮಾರಾಟಕ್ಕಿಟ್ಟಿತು. ಪ್ರತಿಕೃತಿಗಳನ್ನೂ ಸೂಕ್ಷ್ಮ ಯಂತ್ರಭಾಗಗಳನ್ನೂ ತಯಾರಿಸುತ್ತಿದ್ದ ಸಂಸ್ಥೆ ಅದು. ಅದರ ತೋಳಿನ ತುದಿಯಲ್ಲಿದ್ದ, ಕಾರ್ಟ್ರಿಜ್ ಸಮೇತ ಕಳಚಿ ತೆಗೆಯಬಹುದಾದ ಹೆಡ್‌ಶೆಲ್‌ನ ಕೂಡುವಿಕೆಯನ್ನು ಜಪಾನಿನ ಬಹುಪಾಲು ತಯಾರಕರು ಅನುಸರಿಸಿದರು. ಇಂದಿಗೂ ಅದೇ ಅಳತೆ ಚಾಲ್ತಿಯಲ್ಲಿದೆ.

ರಚನೆ ಮತ್ತು ಕೆಲಸದ ಬಗೆ

ಬಾವಿಯಿಂದ ನೀರೆತ್ತುವ ಏತವನ್ನು ಕಂಡವರಿಗೆ ಟೋನ್‌ಆರ್ಮ್ ಅರ್ಥವಾಗುವುದು ಸುಲಭ. ಏತದ ಉದ್ದನೆಯ ತುದಿಯಲ್ಲಿ ಬಾನಿ, ಗಿಡ್ಡ ತುದಿಯಲ್ಲಿ ಕಲ್ಲು. ಕಲ್ಲಿನ ಭಾರ ಬಾನಿಯ ಭಾರವನ್ನು ಸರಿದೂಗಿಸುತ್ತದೆ. ಟೋನ್‌ಆರ್ಮ್‌ನಲ್ಲಿಯೂ ಎದುರುತೂಕವನ್ನು ಹಿಂದೆ ಮುಂದೆ ಸರಿಸಿ ಮೊದಲು ತೋಳನ್ನು ಸಮತೂಕಕ್ಕೆ ತರುತ್ತಾರೆ. ಅನಂತರ ಸೂಜಿಯ ಕಡೆಗೆ ಸ್ವಲ್ಪವೇ ಭಾರ ಬೀಳುವಂತೆ ಮಾಡುತ್ತಾರೆ. ಇದನ್ನು ಸೂಜಿಭಾರ ಎನ್ನಬಹುದು. ಇಂದಿನ ಕಾರ್ಟ್ರಿಜ್‌ಗಳಲ್ಲಿ ಇದು ಸಾಮಾನ್ಯವಾಗಿ 1.5ರಿಂದ 2.5 ಗ್ರಾಂ.

ಇಲ್ಲಿ ಮುಖ್ಯವಾದ ಒಂದು ಅಂಶವಿದೆ. ತೂಕದ ಸಮತೋಲನವೇ ಬೇರೆ, ಚಲನೆಗೆ ಒಡ್ಡುವ ಜಡತ್ವವೇ ಬೇರೆ. ಎದುರುತೂಕದ ದ್ರವ್ಯರಾಶಿಯನ್ನು ಇಮ್ಮಡಿಗೊಳಿಸಿ ಬೇರಿಂಗ್‌ನಿಂದ ಅದರ ದೂರವನ್ನು ಅರ್ಧಕ್ಕಿಳಿಸಿದರೆ ಸಮತೋಲನ ಹಾಗೆಯೇ ಉಳಿಯುತ್ತದೆ. ಆದರೆ ಜಡತ್ವವು ದೂರದ ವರ್ಗವನ್ನು ಅವಲಂಬಿಸಿರುವುದರಿಂದ ಎದುರುತೂಕದ ಪಾಲಿನ ಜಡತ್ವ ಅರ್ಧವಾಗುತ್ತದೆ. ಒಳ್ಳೆಯ ತೋಳುಗಳಲ್ಲಿ ಎದುರುತೂಕ ದಪ್ಪವಾಗಿ, ಬೇರಿಂಗ್‌ಗೆ ಹತ್ತಿರವಾಗಿರುವುದಕ್ಕೆ ಇದೇ ಕಾರಣ. ಸೂಜಿಯ ಸ್ಥಾನದಲ್ಲಿ ಅನುಭವಕ್ಕೆ ಬರುವ ಈ ಜಡತ್ವವನ್ನು ತೋಳಿನ ಪರಿಣಾಮಿ ದ್ರವ್ಯರಾಶಿ ಎನ್ನುತ್ತಾರೆ. ಇದನ್ನು ಗ್ರಾಂಗಳಲ್ಲಿ ಹೇಳುವುದರಿಂದ ತೋಳಿನ ಒಟ್ಟು ತೂಕವೆಂದು ತಪ್ಪು ತಿಳಿಯುವುದುಂಟು.

ಎರಡನೆಯ ಪ್ರಶ್ನೆ ರೇಖಾಗಣಿತದ್ದು. ಮೂಲ ತಟ್ಟೆಯನ್ನು ಕೊರೆಯುವ ಯಂತ್ರದ ತಲೆ ತಟ್ಟೆಯ ಅಂಚಿನಿಂದ ಕೇಂದ್ರದತ್ತ ನೇರ ರೇಖೆಯಲ್ಲಿ ಸರಿಯುತ್ತದೆ. ನುಡಿಸುವ ತೋಳಾದರೋ ಒಂದು ಬಿಂದುವಿನ ಸುತ್ತ ಕಂಸಾಕಾರದಲ್ಲಿ ತಿರುಗುತ್ತದೆ. ಆದುದರಿಂದ ಸೂಜಿಯು ಗೀರಿನ ಸ್ಪರ್ಶರೇಖೆಗೆ ಎಲ್ಲೆಡೆಯೂ ಸರಿಯಾಗಿ ನಿಲ್ಲಲಾರದು. ತೋಳಿನ ತುದಿಯನ್ನು ಒಳಮುಖವಾಗಿ ಕೆಲವು ಡಿಗ್ರಿ ಬಾಗಿಸಿ, ಸೂಜಿಯು ತಟ್ಟೆಯ ಕೇಂದ್ರವನ್ನು ಕೆಲವು ಮಿಲಿಮೀಟರ್ ದಾಟುವಂತೆ ಮಾಡಿದರೆ ಈ ದೋಷ ಬಹಳಷ್ಟು ತಗ್ಗುತ್ತದೆ. ಸ್ವೀಡನ್ನಿನ ಎರಿಕ್ ಲೋಫ್‌ಗ್ರೆನ್ 1938ರಲ್ಲಿ, ಬೇರ್‌ವಾಲ್ಡ್ 1941ರಲ್ಲಿ ಇದರ ಗಣಿತವನ್ನು ಬಿಡಿಸಿದರು. ಅವರ ಪ್ರಕಾರ ಎಲ್‌ಪಿ ತಟ್ಟೆಯ ಮೇಲೆ ಕೇಂದ್ರದಿಂದ ಸುಮಾರು 66 ಮತ್ತು 121 ಮಿಲಿಮೀಟರ್ ದೂರದಲ್ಲಿ, ಹೀಗೆ ಎರಡೇ ಕಡೆ, ಕೋನದೋಷ ಸೊನ್ನೆಯಾಗುತ್ತದೆ.

ದೋಷದ ಪರಿಣಾಮ ಒಳಗಿನ ಗೀರುಗಳಲ್ಲಿ ಹೆಚ್ಚು. ತಟ್ಟೆಯ ಹೊರ ಅಂಚಿನಲ್ಲಿ ಗೀರು ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಸಾಗಿದರೆ, ಒಳ ಅಂಚಿನಲ್ಲಿ ಸುಮಾರು 21 ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಅದೇ ಸ್ವರವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಅಡಕಿದಂತಾಯಿತು. ತಟ್ಟೆಯ ಕೊನೆಯ ಹಾಡಿನಲ್ಲಿ ಗಾಯಕರ ಸಕಾರ ಶಕಾರಗಳು ಸೀಳಿ ಕೇಳುವುದು ಬಹುಮಟ್ಟಿಗೆ ಈ ಕಾರಣದಿಂದ.

ತುದಿ ಬಾಗಿರುವುದರಿಂದ ಇನ್ನೊಂದು ಉಪದ್ರವ ಹುಟ್ಟುತ್ತದೆ. ತಟ್ಟೆಯ ಘರ್ಷಣೆಯು ತೋಳನ್ನು ಕೇಂದ್ರದ ಕಡೆಗೆ ಎಳೆಯುತ್ತದೆ. ಇದನ್ನು ಎದುರಿಸಲು ಸಣ್ಣ ತೂಕ, ಸ್ಪ್ರಿಂಗ್ ಅಥವಾ ಅಯಸ್ಕಾಂತದಿಂದ ಹೊರಮುಖವಾದ ಎಳೆತವನ್ನು ಕೊಡುತ್ತಾರೆ. ಇದು ಇಲ್ಲದಿದ್ದರೆ ಸೂಜಿಯು ಎಡಧ್ವನಿಯನ್ನು ಹೊತ್ತ ಒಳಗೋಡೆಯನ್ನು ಹೆಚ್ಚು ಒತ್ತಿ, ಬಲಧ್ವನಿಯ ಹೊರಗೋಡೆಯ ಹಿಡಿತವನ್ನು ಸಡಿಲಿಸುತ್ತದೆ.

ಬೇರಿಂಗ್‌ಗಳಲ್ಲಿ ಹಲವು ಬಗೆಗಳಿವೆ. ಎರಡು ಅಕ್ಷಗಳ ಗಿಂಬಲ್, ಚಾಕುವಿನ ಅಲಗಿನಂಥ ಅಂಚಿನ ಮೇಲೆ ಕೂರುವುದು, ಒಂದೇ ಮೊನೆಯ ಮೇಲೆ ತೂಗುವುದು ಇವು ಮುಖ್ಯವಾದವು. ಯಾವುದು ಮೇಲು ಎಂಬ ವಾದಕ್ಕಿಂತ, ಇರುವುದು ಸಡಿಲವಿಲ್ಲದೆ, ಬಿಗಿಯಿಲ್ಲದೆ ಇದೆಯೇ ಎಂಬುದು ಮುಖ್ಯ. ಕೊರೆಯುವ ಯಂತ್ರದಂತೆಯೇ ನೇರವಾಗಿ ಸರಿಯುವ ತೋಳುಗಳೂ ಬಂದಿವೆ. ಡೆನ್ಮಾರ್ಕಿನ ಬ್ಯಾಂಗ್ ಅಂಡ್ ಒಲುಫ್ಸೆನ್ ಸಂಸ್ಥೆಯ 1972ರ ಬಿಯೋಗ್ರಾಮ್ 4000 ಇದಕ್ಕೆ ಪ್ರಸಿದ್ಧ ಉದಾಹರಣೆ.

ಕಾರ್ಟ್ರಿಜ್‌ನೊಂದಿಗೆ ಹೊಂದಾಣಿಕೆ

ತೋಳಿನ ಒಳ್ಳೆಯದು ಕೆಟ್ಟದ್ದನ್ನು ಕಾರ್ಟ್ರಿಜ್‌ನಿಂದ ಬೇರ್ಪಡಿಸಿ ಹೇಳಲು ಬರುವುದಿಲ್ಲ. ಸೂಜಿಯು ಕ್ಯಾಂಟಿಲಿವರ್ ಎಂಬ ಕಿರುಕಡ್ಡಿಯ ತುದಿಯಲ್ಲಿರುತ್ತದೆ. ಆ ಕಡ್ಡಿ ರಬ್ಬರಿನ ಆಧಾರದ ಮೇಲೆ ಬಾಗುತ್ತದೆ. ಈ ಬಾಗುವ ಗುಣವೇ ನಮ್ಯತೆ. ಭಾರವೊಂದು ಸ್ಪ್ರಿಂಗ್‌ನ ಮೇಲೆ ಕುಳಿತಂತೆ ತೋಳು ಮತ್ತು ಕಾರ್ಟ್ರಿಜ್ ಸೇರಿ ಒಂದು ನಿರ್ದಿಷ್ಟ ಆವೃತ್ತಿಯಲ್ಲಿ ಅನುರಣನಗೊಳ್ಳುತ್ತವೆ. ತೋಳಿನ ಪರಿಣಾಮಿ ದ್ರವ್ಯರಾಶಿ, ಕಾರ್ಟ್ರಿಜ್‌ನ ತೂಕ ಮತ್ತು ತಿರುಪುಗಳ ತೂಕವನ್ನು ಗ್ರಾಂನಲ್ಲಿ ಕೂಡಿಸಬೇಕು. ಆ ಮೊತ್ತವನ್ನು ಮಿಲಿನ್ಯೂಟನ್ನಿಗೆ ಇಷ್ಟು ಮೈಕ್ರೋಮೀಟರ್ ಎಂದು ಹೇಳುವ ನಮ್ಯತೆಯಿಂದ ಗುಣಿಸಿ, ಬಂದ ಸಂಖ್ಯೆಯ ವರ್ಗಮೂಲದಿಂದ 159ನ್ನು ಭಾಗಿಸಿದರೆ ಅನುರಣನದ ಆವೃತ್ತಿ ಹರ್ಟ್ಸ್‌ನಲ್ಲಿ ದೊರೆಯುತ್ತದೆ.

ಉದಾಹರಣೆಗೆ ತೋಳು 11 ಗ್ರಾಂ, ಕಾರ್ಟ್ರಿಜ್ 6 ಗ್ರಾಂ, ತಿರುಪುಗಳು 1 ಗ್ರಾಂ, ನಮ್ಯತೆ 15 ಎಂದಿಟ್ಟುಕೊಳ್ಳೋಣ. ಒಟ್ಟು 18 ಗ್ರಾಂ, ಗುಣಲಬ್ಧ 270, ವರ್ಗಮೂಲ ಸುಮಾರು 16.4; ಆವೃತ್ತಿ ಸುಮಾರು 9.7 ಹರ್ಟ್ಸ್. ಇದು ಒಳ್ಳೆಯ ಹೊಂದಾಣಿಕೆ. ಸಾಮಾನ್ಯವಾಗಿ 8ರಿಂದ 12 ಹರ್ಟ್ಸ್ ನಡುವಣ ಫಲವನ್ನು ಅಪೇಕ್ಷಿಸುತ್ತಾರೆ. ಏಕೆಂದರೆ ಅದಕ್ಕಿಂತ ಕೆಳಗೆ ಸೊಟ್ಟಗಾದ ತಟ್ಟೆಯ ಏರಿಳಿತಗಳಿರುತ್ತವೆ. ಮೇಲೆ, ಸುಮಾರು 20 ಹರ್ಟ್ಸ್‌ನಿಂದ, ಸಂಗೀತವೇ ಆರಂಭವಾಗುತ್ತದೆ. ಈಗ ತೋಳನ್ನು 20 ಗ್ರಾಂನದಕ್ಕೆ ಬದಲಾಯಿಸಿ 30ರ ನಮ್ಯತೆಯ ಕಾರ್ಟ್ರಿಜ್ ಕೂರಿಸಿದರೆ ಆವೃತ್ತಿ 5.6 ಹರ್ಟ್ಸ್‌ಗೆ ಇಳಿಯುತ್ತದೆ. ತಟ್ಟೆ ಸ್ವಲ್ಪ ಸೊಟ್ಟಗಿದ್ದರೂ ತೋಳು ಓಲಾಡುತ್ತದೆ. ಸ್ಪೀಕರಿನ ಪದರ ಸದ್ದಿಲ್ಲದೆ ಹಿಂದೆ ಮುಂದೆ ಬಡಿಯುತ್ತದೆ. ಬೇಸಿಗೆಯ ತಾಪದಲ್ಲಿ, ಅಟ್ಟದ ಮೇಲೆ, ಒಂದರ ಮೇಲೊಂದು ಪೇರಿಸಿಟ್ಟ ತಟ್ಟೆಗಳು ನೇರವಾಗಿ ಉಳಿದಿರುವುದು ಅಪರೂಪವಾದ್ದರಿಂದ ನಮ್ಮ ಕಡೆಯ ಮನೆಗಳಲ್ಲಿ ಈ ಲೆಕ್ಕವನ್ನು ಅಲಕ್ಷಿಸುವಂತಿಲ್ಲ.

ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯೊಡಗೂಡಿ ರೂಪಿಸಿದ ಡೆನಾನ್ ಡಿಎಲ್-103 ಕಾರ್ಟ್ರಿಜ್ ಇದಕ್ಕೆ ವಿರುದ್ಧವಾದ ಉದಾಹರಣೆ. ಅದರ ತೂಕ 8.5 ಗ್ರಾಂ, ನಮ್ಯತೆ ಬಹಳ ಕಡಿಮೆ, ಸೂಜಿಭಾರ 2.5 ಗ್ರಾಂ. ಇದು ಭಾರವಾದ ತೋಳನ್ನೇ ಬಯಸುತ್ತದೆ. ಜಪಾನಿನ ತಯಾರಕರು ನಮ್ಯತೆಯನ್ನು ಅನೇಕ ವೇಳೆ 100 ಹರ್ಟ್ಸ್‌ನಲ್ಲಿ ಅಳೆದು ಹೇಳುತ್ತಾರೆ. ಮೇಲಿನ ಲೆಕ್ಕಕ್ಕೆ ಅದನ್ನು ಸುಮಾರು ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳಬೇಕು. ಇದನ್ನು ತಿಳಿಯದೆ ಲೆಕ್ಕ ಹಾಕಿ, ಇರುವ ತೋಳು ಹೊಂದುವುದಿಲ್ಲವೆಂದು ಭಾವಿಸಿ ಹೊಸದನ್ನು ಕೊಳ್ಳುವ ಸಂಭವವುಂಟು.

ಹೊಂದಾಣಿಕೆ ಕೆಟ್ಟಿದ್ದರೆ ಬದಲಾಯಿಸಬೇಕಾದುದು ತೋಳೇ ಆಗಬೇಕೆಂದಿಲ್ಲ. ಕಾರ್ಟ್ರಿಜನ್ನು ಬದಲಾಯಿಸಬಹುದು. ಕಳಚುವ ಹೆಡ್‌ಶೆಲ್ ಇದ್ದರೆ ಹಗುರವಾದ ಅಥವಾ ಭಾರವಾದ ಹೆಡ್‌ಶೆಲ್ ಹಾಕಿ ಕೆಲವು ಗ್ರಾಂಗಳ ವ್ಯತ್ಯಾಸವನ್ನು ಅತ್ಯಲ್ಪ ವೆಚ್ಚದಲ್ಲಿ ಸಾಧಿಸಬಹುದು.

ವೆಚ್ಚ ಮತ್ತು ಪ್ರಯೋಜನ

ಈ ವಿಷಯದಲ್ಲಿ ಎರಡು ಪಕ್ಷಗಳಿವೆ. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಲಿನ್ ಸಂಸ್ಥೆ ಮೂಲವೇ ಮೊದಲು ಎಂಬ ವಾದವನ್ನು ಮುಂದಿಟ್ಟಿತು. ತಟ್ಟೆಯಿಂದ ತೆಗೆಯುವಾಗ ಕಳೆದುಹೋದ ಮಾಹಿತಿಯನ್ನು ಮುಂದಿನ ಯಾವ ಉಪಕರಣವೂ ಮರಳಿ ತರಲಾರದು. ಆದುದರಿಂದ ಮೊದಲು ಟರ್ನ್‌ಟೇಬಲ್, ಅನಂತರ ತೋಳು, ಆಮೇಲೆ ಕಾರ್ಟ್ರಿಜ್ ಎಂಬುದು ಅವರ ಕ್ರಮ. ಸ್ಪೀಕರೇ ಮುಖ್ಯವೆಂದು ನಂಬಿದ್ದ ಕಾಲದಲ್ಲಿ ಇದು ದೊಡ್ಡ ತಿರುವು. ಇನ್ನೊಂದು ಪಕ್ಷದವರು, ಧ್ವನಿಯ ವ್ಯತ್ಯಾಸ ಹೆಚ್ಚಾಗಿ ಕಾರ್ಟ್ರಿಜ್ ಮತ್ತು ಸೂಜಿಯ ಆಕಾರದಿಂದ ಬರುತ್ತದೆ, ಸುಸ್ಥಿತಿಯಲ್ಲಿರುವ ಸಾಧಾರಣ ತೋಳು ಸಾಕು ಎನ್ನುತ್ತಾರೆ. ಮೊದಲನೆಯ ಪಕ್ಷದ ತರ್ಕ ಸರಿಯಾದುದೇ. ಆದರೆ ಅದು ಮಾಹಿತಿ ಎಲ್ಲಿ ಕಳೆಯುತ್ತಿದೆ ಎಂದು ಪರೀಕ್ಷಿಸದೆಯೇ ತೋಳನ್ನು ದೋಷಿಯೆಂದು ತೀರ್ಮಾನಿಸುವುದಕ್ಕೆ ಆಧಾರವಾಗುವುದಿಲ್ಲ.

ಅಳತೆಗಳನ್ನಿಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಸುಮಾರು 237 ಮಿಲಿಮೀಟರ್ ಉದ್ದದ, ಅಂದರೆ 9 ಅಂಗುಲದ ವರ್ಗದ, ತೋಳನ್ನು ಬೇರ್‌ವಾಲ್ಡ್ ಕ್ರಮದಲ್ಲಿ ಜೋಡಿಸಿದಾಗ ಗರಿಷ್ಠ ಕೋನದೋಷ 1.8 ಡಿಗ್ರಿಯಷ್ಟಿರುತ್ತದೆ. 12 ಅಂಗುಲದ ತೋಳಿನಲ್ಲಿ ಅದು 1.4 ಡಿಗ್ರಿಗೆ ಇಳಿಯುತ್ತದೆ. ಗಳಿಸಿದ್ದು ಅರ್ಧ ಡಿಗ್ರಿಯೂ ಇಲ್ಲ. ಅದೇ 9 ಅಂಗುಲದ ತೋಳಿನಲ್ಲಿ ಕಾರ್ಟ್ರಿಜನ್ನು ಸರಿಯಾದ ಜಾಗದಿಂದ ಒಂದೇ ಒಂದು ಮಿಲಿಮೀಟರ್ ಮುಂದೆ ಅಥವಾ ಹಿಂದೆ ಕೂರಿಸಿದರೆ ಒಳಗಿನ ಗೀರುಗಳಲ್ಲಿ ಸುಮಾರು ಒಂದು ಡಿಗ್ರಿಯ ವ್ಯತ್ಯಾಸವಾಗುತ್ತದೆ. ಹೀಗೆ ತೋಳಿನ ಬದಲಾವಣೆಯಿಂದ ದೊರೆಯುವುದಕ್ಕಿಂತ ಹೆಚ್ಚಿನದನ್ನು ಕಾಗದದ ಮೇಲೆ ಅಚ್ಚು ಹಾಕಿದ ಕೋನಮಾಪಕ ಮತ್ತು ತಾಳ್ಮೆಯ ಒಂದು ಸಂಜೆ ಕೊಡಬಲ್ಲವು. ಸೂಜಿಭಾರ ಅಳೆಯುವ ಪುಟ್ಟ ತಕ್ಕಡಿಗೂ ದೊಡ್ಡ ಬೆಲೆಯಿಲ್ಲ.

ಎರಡನೆಯದಾಗಿ ಸೂಜಿ. ವಜ್ರದ ಸೂಜಿಯ ಆಯುಷ್ಯವನ್ನು ತಯಾರಕರು ಸಾಮಾನ್ಯವಾಗಿ 500ರಿಂದ 1000 ಗಂಟೆಗಳೆಂದು ಹೇಳುತ್ತಾರೆ. ದಿನಕ್ಕೊಂದು ಎಲ್‌ಪಿಯ ಎರಡೂ ಬದಿಗಳನ್ನು, ಅಂದರೆ ಸುಮಾರು 40 ನಿಮಿಷ, ಕೇಳುವವರಿಗೆ ಅದು ಎರಡರಿಂದ ನಾಲ್ಕು ವರ್ಷ. ಇಪ್ಪತ್ತು ವರ್ಷಗಳಿಂದ ಅದೇ ಸೂಜಿಯಲ್ಲಿ ನುಡಿಸುತ್ತ ತೋಳನ್ನು ಶಂಕಿಸುವವರಿಗೆ ಮೊದಲು ಬೇಕಾದುದು ಹೊಸ ಸೂಜಿ. ಸವೆದ ವಜ್ರಕ್ಕೆ ಅಂಚು ಮೂಡಿರುತ್ತದೆ. ಅದು ಗೀರಿನ ಗೋಡೆಯನ್ನು ಕೆತ್ತುತ್ತದೆ.

ತೋಳಿಗೆ ಹಣ ಹಾಕುವುದು ನಿಜವಾಗಿ ಸಮರ್ಥನೀಯವಾಗುವ ಸಂದರ್ಭಗಳೂ ಇವೆ. ಬೇರಿಂಗ್ ಸಡಿಲಗೊಂಡು ತೋಳು ಕಟಕಟಿಸುವುದು, ಅಥವಾ ಒಣಗಿದ ಎಣ್ಣೆ, ಧೂಳು, ತುಕ್ಕುಗಳಿಂದ ಬಿಗಿದುಕೊಂಡಿರುವುದು ಮೊದಲನೆಯದು. ಸೊನ್ನೆ ಸೂಜಿಭಾರದಲ್ಲಿ ತೇಲುವಂತೆ ಇಟ್ಟ ತೋಳನ್ನು ಉಸಿರಿನಿಂದ ಊದಿದರೆ ಅದು ನಿರಾಯಾಸವಾಗಿ ಸರಿಯಬೇಕು. ನಡುವೆ ಎಲ್ಲಿಯೂ ತಡೆದು ನಿಲ್ಲಬಾರದು. ಹೆಡ್‌ಶೆಲ್ ಅನ್ನು ಹಗುರವಾಗಿ ಹಿಡಿದು ಅಲುಗಿಸಿದರೆ ಬೇರಿಂಗ್‌ನಲ್ಲಿ ಸಡಿಲವು ಕೈಗೆ ತಿಳಿಯಬಾರದು. ಕಾರ್ಟ್ರಿಜ್ ಬಹಳ ಉತ್ತಮ ದರ್ಜೆಯದಾಗಿದ್ದು ಅದಕ್ಕೆ ಬೇಕಾದ ಎತ್ತರ, ವಾಲಿಕೆಗಳ ಹೊಂದಾಣಿಕೆಯನ್ನು ಇರುವ ತೋಳು ಕೊಡದಿದ್ದರೆ ಅದು ಎರಡನೆಯದು. ಚೂಪಾದ, ಉದ್ದನೆಯ ಸ್ಪರ್ಶರೇಖೆಯುಳ್ಳ ಸೂಜಿಗಳು ಗೋಳಾಕಾರದ ಸೂಜಿಗಳಿಗಿಂತ ಇಂಥ ಸೂಕ್ಷ್ಮಗಳನ್ನು ಹೆಚ್ಚು ಅಪೇಕ್ಷಿಸುತ್ತವೆ.

ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಯಂತ್ರಗಳ ಪ್ಲಾಸ್ಟಿಕ್ ತೋಳಿನಲ್ಲಿ ಸೂಜಿಭಾರವನ್ನು ಸರಿಪಡಿಸುವ ವ್ಯವಸ್ಥೆಯೇ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ತೋಳನ್ನಲ್ಲ, ಯಂತ್ರವನ್ನೇ ಬದಲಾಯಿಸಬೇಕು.

ತೋಳೊಂದರಿಂದಲೇ ಯಂತ್ರದ ಯೋಗ್ಯತೆ ಏರಿದ್ದಕ್ಕೆ ಚರಿತ್ರೆಯಲ್ಲಿ ಒಳ್ಳೆಯ ಸಾಕ್ಷಿ ಇಂಗ್ಲೆಂಡಿನ ರೇಗಾ ಸಂಸ್ಥೆಯದು. ಅದರ ಪ್ಲೇನರ್ 3 ಯಂತ್ರ ಮೊದಲು ಜಪಾನಿನಲ್ಲಿ ತಯಾರಾದ ಎಸ್ ಆಕಾರದ ಆರ್200 ತೋಳಿನೊಂದಿಗೆ ಬರುತ್ತಿತ್ತು. 1983ರಲ್ಲಿ ಅದಕ್ಕೆ ಸಂಸ್ಥೆಯದೇ ಆರ್‌ಬಿ300 ತೋಳನ್ನು ಅಳವಡಿಸಿದರು. ಕೊಳವೆ ಮತ್ತು ಹೆಡ್‌ಶೆಲ್ ಎರಡನ್ನೂ ಅಲ್ಯೂಮಿನಿಯಮ್‌ನಲ್ಲಿ ಒಂದೇ ಎರಕವಾಗಿ ಹೊಯ್ದುದರಿಂದ ನಡುವೆ ಕೂಡುವಿಕೆಯೇ ಇಲ್ಲದಾಯಿತು. ಕಂಪನವನ್ನು ತಡೆಯುವ ಗಟ್ಟಿತನ ಬಂತು. ಬಹಳ ಸಂಖ್ಯೆಯಲ್ಲಿ ತಯಾರಿಸಿದ್ದರಿಂದ ಬೆಲೆಯೂ ಇಳಿಯಿತು. ಬೇರೆ ಬೇರೆ ತಯಾರಕರು ತಮ್ಮ ಯಂತ್ರಗಳಿಗೆ ಅದನ್ನೇ ಕೊಂಡು ಹಾಕಿದರು. ಒಳ್ಳೆಯ ತೋಳು ಮಧ್ಯಮ ಬೆಲೆಯ ಯಂತ್ರದೊಳಗೇ ಬರತೊಡಗಿದ ಮೇಲೆ ಬಿಡಿ ತೋಳನ್ನು ಕೊಳ್ಳುವ ಅಗತ್ಯ ಕುಗ್ಗಿತೆಂಬುದು ಈ ಕಥೆಯ ಇನ್ನೊಂದು ಮುಖ. ಎಸ್‌ಎಂಇ ಸಂಸ್ಥೆಯಂತೂ 2019ರ ಕೊನೆಯಲ್ಲಿ ಬಿಡಿ ತೋಳುಗಳ ಮಾರಾಟವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು.

ಅಳವಡಿಕೆಯ ತೊಡಕುಗಳು

ತೋಳಿನ ಬೆಲೆಯೊಂದೇ ವೆಚ್ಚವಲ್ಲ. ರೇಗಾ, ಎಸ್‌ಎಂಇ, ಲಿನ್ ಇವುಗಳ ತೋಳುಗಳಿಗೆ ಬೇಕಾದ ರಂಧ್ರದ ಆಕಾರ ಬೇರೆ ಬೇರೆ. ಬೇರಿಂಗ್‌ನಿಂದ ತಟ್ಟೆಯ ಕೇಂದ್ರಕ್ಕಿರುವ ದೂರವೂ ಬೇರೆ. ರೇಗಾ ತೋಳುಗಳಲ್ಲಿ ಅದು 222 ಮಿಲಿಮೀಟರ್ ಇದ್ದರೆ ಲಿನ್ ತೋಳುಗಳಲ್ಲಿ 211 ಮಿಲಿಮೀಟರ್. ಆದುದರಿಂದ ಹಲಗೆಯನ್ನು ಹೊಸದಾಗಿ ಕೊರೆಸಬೇಕಾಗಬಹುದು. ಸ್ಪ್ರಿಂಗ್‌ಗಳ ಮೇಲೆ ತೂಗುವ ಯಂತ್ರಗಳಲ್ಲಿ ತೋಳಿನ ತೂಕ ಬದಲಾದರೆ ಯಂತ್ರವೇ ಒಂದು ಕಡೆಗೆ ವಾಲುತ್ತದೆ. ಸ್ಪ್ರಿಂಗ್‌ಗಳನ್ನು ಮತ್ತೆ ಸರಿಪಡಿಸಬೇಕು. ತೋಳಿನೊಳಗಿನ ತಂತಿಗಳು ಕೂದಲಿನಷ್ಟು ತೆಳುವಾಗಿದ್ದು ಬೆಸುಗೆಯ ಬಿಸಿಗೆ ಬೇಗ ಹಾಳಾಗುತ್ತವೆ. ವಿದೇಶದಿಂದ ತರಿಸುವವರು ಸಾಗಣೆ ಮತ್ತು ಸುಂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬದಲಾವಣೆಯ ಫಲವನ್ನು ನೆನಪಿನ ಬಲದಿಂದ ತೂಗುವುದು ಕಷ್ಟ. ಹೊಸ ತೋಳನ್ನು ಕೂರಿಸುವಾಗ ಕಾರ್ಟ್ರಿಜ್ ಕೂಡ ಹೊಸದಾಗಿ ಜೋಡಣೆಗೊಳ್ಳುತ್ತದೆ. ಕೇಳಿಬಂದ ಸುಧಾರಣೆ ತೋಳಿನದೋ ಸರಿಯಾದ ಜೋಡಣೆಯದೋ ತಿಳಿಯದೆ ಹೋಗುತ್ತದೆ. ಹಳೆಯ ತೋಳನ್ನು ಮೊದಲು ಸರಿಯಾಗಿ ಹೊಂದಿಸಿ, ಒಂದು ಹಾಡನ್ನು ಕಂಪ್ಯೂಟರಿಗೆ ಮುದ್ರಿಸಿಟ್ಟುಕೊಂಡು, ಹೊಸ ತೋಳಿನಲ್ಲಿ ಅದೇ ಹಾಡನ್ನು ಅದೇ ಸದ್ದಿನ ಮಟ್ಟದಲ್ಲಿ ಮುದ್ರಿಸಿ, ಯಾವುದು ಯಾವುದೆಂದು ಹೇಳದೆ ಮನೆಯ ಇನ್ನೊಬ್ಬರಿಂದ ಹಾಕಿಸಿ ಕೇಳುವುದು ಸುಲಭವಾದ, ಖರ್ಚಿಲ್ಲದ ಪರೀಕ್ಷೆ.

ಹಳೆಯ ತಟ್ಟೆಗಳ ದೃಷ್ಟಿಯಿಂದ

ಭಾರತದಲ್ಲಿ 78 ಸುತ್ತಿನ ತಟ್ಟೆಗಳ ತಯಾರಿಕೆ 1960ರ ದಶಕದಲ್ಲಿಯೂ ನಡೆದಿತ್ತು. ಆದುದರಿಂದ ಕರ್ನಾಟಕದ ಹಳೆಯ ಮನೆಗಳ ಸಂಗ್ರಹದಲ್ಲಿ ಕಂಪನಿ ನಾಟಕದ ಹಾಡು, ಚಿತ್ರಗೀತೆ, ಶಾಸ್ತ್ರೀಯ ಸಂಗೀತಗಳ ಅರಗಿನ ತಟ್ಟೆಗಳೂ ಎಲ್‌ಪಿಗಳೂ ಬೆರೆತಿರುವುದು ಸಾಮಾನ್ಯ. ಇವುಗಳಲ್ಲಿ ಮತ್ತೆಂದೂ ಮುದ್ರಣವಾಗದವು ಎಷ್ಟೋ ಇವೆ. ಎಲ್‌ಪಿಯ ಗೋಳಾಕಾರದ ಸೂಜಿಯ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. 78 ಸುತ್ತಿನ ತಟ್ಟೆಗೆ ಬೇಕಾದದ್ದು ಸುಮಾರು 65ರಿಂದ 75 ಮೈಕ್ರಾನ್. ಎಲ್‌ಪಿ ಸೂಜಿಯನ್ನು ಅರಗಿನ ತಟ್ಟೆಗೆ ಹಚ್ಚಿದರೆ ಅದು ಅಗಲವಾದ ಗೀರಿನ ತಳದ ಕಸದಲ್ಲಿ ಉಜ್ಜಿಕೊಂಡು ಹೋಗುತ್ತದೆ. ಕೇಳುವುದು ಹೆಚ್ಚಾಗಿ ಗರಗರ ಸದ್ದೇ. ಯಾವ ತೋಳೂ ಇದನ್ನು ಪರಿಹರಿಸದು.

ಎರಡೂ ಬಗೆಯ ತಟ್ಟೆಗಳಿರುವವರಿಗೆ ಹೆಡ್‌ಶೆಲ್ ಕಳಚಲು ಬಾರದ ದುಬಾರಿಯ ತೋಳಿಗಿಂತ, ಕಳಚಿ ಹಾಕಬಹುದಾದ ಸಾಧಾರಣ ಎಸ್ ಆಕಾರದ ತೋಳು ಹೆಚ್ಚು ಉಪಯುಕ್ತ. ಎರಡು ಹೆಡ್‌ಶೆಲ್‌ಗಳಲ್ಲಿ ಎರಡು ಕಾರ್ಟ್ರಿಜ್‌ಗಳನ್ನು ಸಿದ್ಧವಾಗಿಟ್ಟುಕೊಂಡು ಕ್ಷಣದಲ್ಲಿ ಬದಲಾಯಿಸಬಹುದು. ಪ್ರತಿ ಸಲವೂ ಸೂಜಿಭಾರವನ್ನು ಮಾತ್ರ ಮರೆಯದೆ ಸರಿಪಡಿಸಬೇಕು. 1972ರಲ್ಲಿ ಬಂದು, 2010ರಲ್ಲಿ ನಿಂತು, 2016ರಲ್ಲಿ ಮತ್ತೆ ತಯಾರಾಗತೊಡಗಿದ ಟೆಕ್ನಿಕ್ಸ್ ಎಸ್‌ಎಲ್-1200 ಯಂತ್ರದ ತೋಳು ಈ ಬಗೆಯದು. ಆದರೆ ಆ ಯಂತ್ರದ ಎಲ್ಲ ಮಾದರಿಗಳಲ್ಲಿಯೂ 78ರ ವೇಗವಿಲ್ಲ. ಕೊಳ್ಳುವ ಮುನ್ನ ಅದನ್ನು ನೋಡಿಕೊಳ್ಳಬೇಕು.